ಸ್ತನದ ಆಪರೇಷನ್ ಆದ ರಾತ್ರಿ ಆಸ್ಪತ್ರೆಯಲ್ಲಿ ಇರಬೇಕಾ, ಬೇಡವಾ? ಅಮೆರಿಕದಲ್ಲಿ ಇದನ್ನು ತೀರ್ಮಾನಿಸುವವರು ಯಾರು?

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಬಂದ ಮಹಿಳೆಗೆ ಬೆಳಿಗ್ಗೆ ಸ್ತನ ತೆಗೆಯುವ ಆಪರೇಷನ್ ಮಾಡಿ, ಅದೇ ದಿನ ಸಂಜೆ ಮನೆಗೆ ಕಳಿಸುವುದು ಈಗ ಅಪರೂಪವಲ್ಲ. ಅಲ್ಲಿನ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎಎಚ್‌ಆರ್‌ಕ್ಯೂ ಕೆಲವು ರಾಜ್ಯಗಳ ಆಸ್ಪತ್ರೆ ದಾಖಲೆಗಳನ್ನು ನೋಡಿ ಲೆಕ್ಕ ಹಾಕಿತು. ಮ್ಯಾಸ್ಟೆಕ್ಟಮಿ, ಅಂದರೆ ಪೂರ್ತಿ ಸ್ತನ ತೆಗೆಯುವ ಆಪರೇಷನ್ ಆದವರಲ್ಲಿ 2005ರಲ್ಲಿ ಶೇ 22ರಷ್ಟು ಮಂದಿ ಒಂದು ರಾತ್ರಿಯೂ ಆಸ್ಪತ್ರೆಯಲ್ಲಿ ಉಳಿದಿರಲಿಲ್ಲ. 2013ರ ಹೊತ್ತಿಗೆ ಅದು ಶೇ 45 ಆಗಿತ್ತು. ಕೊರೊನಾ ಕಾಲದಲ್ಲಿ ಈ ರೂಢಿ ಇನ್ನಷ್ಟು ಬೆಳೆಯಿತು.

ಕೆಲವರಿಗೆ ಬೇಗ ಮನೆಗೆ ಹೋಗುವುದೇ ಇಷ್ಟ. ಮನೆಯಲ್ಲಿ ನೋಡಿಕೊಳ್ಳುವವರಿದ್ದು, ಡಾಕ್ಟರ್ ಕೂಡ ಸರಿ ಅಂದರೆ ಹೋಗಲಿ. ಅದಕ್ಕೆ ಯಾರ ತಕರಾರೂ ಇಲ್ಲ. ನನ್ನ ತಕರಾರು ಬೇರೆ. ಈಕೆಗೆ ಇನ್ನೊಂದು ರಾತ್ರಿ ಬೇಕು ಅಂತ ಸರ್ಜನ್ ಹೇಳಿದರೂ, ಅದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಅಧಿಕಾರ ಎಲ್ಲೋ ಕೂತ ವಿಮಾ ಪ್ಲಾನ್‌ಗೆ ಇದೆ. ಇದನ್ನು ತಡೆಯುವ ಕೇಂದ್ರ ಕಾನೂನಿನ ಮಸೂದೆ 1997ರಿಂದ ಬಾಕಿ ಬಿದ್ದಿದೆ. ಪ್ರತಿ ವರ್ಷ 3 ಲಕ್ಷಕ್ಕಿಂತ ಜಾಸ್ತಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುವ ದೇಶ ಅದು. ಆ ಕಾನೂನು ಬರಲೇಬೇಕು. ಆದರೆ ಆಗ ಬರೆದ ಹಾಗೇ ಬಂದರೆ ಸಾಲದು.

ಮೊದಲ ಎರಡು ದಿನ ಏನಾಗುತ್ತದೆ

ಸ್ತನ ತೆಗೆದಾಗ ಚರ್ಮ ಮತ್ತು ಎದೆಯ ಸ್ನಾಯುವಿನ ನಡುವೆ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ರಕ್ತ, ನೀರು ತುಂಬಿಕೊಳ್ಳುತ್ತದೆ. ಅದನ್ನು ಹೊರಗೆ ತೆಗೆಯಲು ಡ್ರೈನ್ ಹಾಕುತ್ತಾರೆ. ಚರ್ಮದೊಳಗಿಂದ ಬರುವ ಒಂದು ಮೆತ್ತನೆ ಕೊಳವೆ, ಅದರ ತುದಿಗೆ ಒಂದು ಪ್ಲಾಸ್ಟಿಕ್ ಬಲ್ಬ್. ಬಲ್ಬನ್ನು ಹಿಂಡಿ ಮುಚ್ಚಳ ಹಾಕಿದರೆ ಅದು ನಿಧಾನವಾಗಿ ಒಳಗಿನ ದ್ರವವನ್ನು ಹೀರುತ್ತದೆ. ದಿನಕ್ಕೆ ಕೆಲವು ಸಲ ಅದನ್ನು ಖಾಲಿ ಮಾಡಬೇಕು. ಎಷ್ಟು ಮಿಲಿ ಬಂತು ಅಂತ ಬರೆದಿಡಬೇಕು. ರಕ್ತ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳದ ಹಾಗೆ ಬೆರಳಿನಿಂದ ಒತ್ತುತ್ತಾ ಕೆಳಗೆ ಜಾರಿಸಬೇಕು. ಸಾಮಾನ್ಯವಾಗಿ ದಿನಕ್ಕೆ 30 ಮಿಲಿಗಿಂತ ಕಡಿಮೆ ಆದ ಮೇಲೆ ಡ್ರೈನ್ ತೆಗೆಯುತ್ತಾರೆ. ಅಷ್ಟಾಗಲು ಒಂದರಿಂದ ಮೂರು ವಾರ ಬೇಕಾಗಬಹುದು. ಎರಡೂ ಕಡೆ ಆಪರೇಷನ್ ಆದವರಿಗೆ ಎರಡು, ಮೂರು, ನಾಲ್ಕು ಡ್ರೈನ್ ಕೂಡ ಇರುತ್ತವೆ.

ಇದನ್ನು ಕಲಿಯುವುದು ಬ್ರಹ್ಮವಿದ್ಯೆಯೇನಲ್ಲ. ಆದರೆ ಅರಿವಳಿಕೆ ಇನ್ನೂ ಪೂರ್ತಿ ಇಳಿಯದ ಹೊತ್ತಿನಲ್ಲಿ, ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಗಡಿಬಿಡಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟರೆ ಎಷ್ಟು ತಲೆಗೆ ಹೋಗುತ್ತದೆ? ಕೈ ಎತ್ತಲೂ ಆಗದವರಿಗೆ ತಮ್ಮ ಕಂಕುಳ ಹತ್ತಿರದ ಕೊಳವೆಯನ್ನು ತಾವೇ ನೋಡಿಕೊಳ್ಳುವುದು ಸುಲಭ ಅಲ್ವಲ್ಲ.

ನಿಜವಾದ ಭಯ ರಕ್ತಸ್ರಾವದ್ದು. ಗಾಯದೊಳಗೆ ರಕ್ತ ಕಟ್ಟಿಕೊಂಡು ಎದೆ ಊದಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಆದರೆ ಆಗುವುದಾದರೆ ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲೇ ಆಗುತ್ತದೆ. ಕೆಲವರನ್ನು ತಕ್ಷಣ ಮತ್ತೆ ಆಪರೇಷನ್ ಥಿಯೇಟರ್‌ಗೆ ಒಯ್ಯಬೇಕಾಗುತ್ತದೆ. ವಾರ್ಡಿನಲ್ಲಿದ್ದರೆ ಬಲ್ಬಿನಲ್ಲಿ ಕೆಂಪು ರಕ್ತ ಬೇಗಬೇಗ ತುಂಬುತ್ತಿರುವುದು ನರ್ಸ್ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ನೋವಿನ ಮಾತ್ರೆಯ ಮಂಪರಿನಲ್ಲಿ ಮಲಗಿದವರೇ ಅದನ್ನು ಗಮನಿಸಬೇಕು. ಇದು ಸಹಜವಾ, ಅಪಾಯವಾ ಅಂತ ಅವರೇ ತೀರ್ಮಾನಿಸಬೇಕು. ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಅಂತ ಅವರೇ ಹುಡುಕಬೇಕು.

ನೋವಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಈಗ ಆಪರೇಷನ್ ಸಮಯದಲ್ಲಿ ಎದೆಯ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಒಳ್ಳೆಯ ವಿಧಾನ. ಅದರಿಂದಲೇ ಸಂಜೆ ಹೊತ್ತಿಗೆ ಎದ್ದು ಕೂರಲು ಆಗುತ್ತದೆ. ಆದರೆ ಅದರ ಪರಿಣಾಮ ಎಷ್ಟೋ ಸಲ ಆ ರಾತ್ರಿ ಅಥವಾ ಮಾರನೇ ದಿನ ಇಳಿಯುತ್ತದೆ. ಡಿಸ್ಚಾರ್ಜ್ ಹೊತ್ತಿನಲ್ಲಿ ಕಂಡ ಆರಾಮ ಪೂರ್ತಿ ನಿಜವಾದ ಆರಾಮ ಆಗಿರಲೇಬೇಕು ಅಂತಿಲ್ಲ. ಇದರ ಜೊತೆಗೆ ವಾಂತಿ. ಸ್ತನದ ಆಪರೇಷನ್ ಆದವರಲ್ಲಿ ಅರಿವಳಿಕೆ ನಂತರದ ವಾಂತಿ ಜಾಸ್ತಿ ಅನ್ನುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ನುಂಗಿದ ಮಾತ್ರೆಯೇ ಹೊಟ್ಟೆಯಲ್ಲಿ ನಿಲ್ಲದಿದ್ದರೆ ನೋವು ಹೇಗೆ ಕಡಿಮೆಯಾದೀತು? ಆಸ್ಪತ್ರೆಯಲ್ಲಿದ್ದರೆ ಡ್ರಿಪ್ ಮೂಲಕ ಔಷಧಿ ಹೋಗುತ್ತದೆ.

ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬು ತೆಗೆದು ಹೊಸ ಸ್ತನ ಕಟ್ಟುವವರ ಕಥೆ ಇನ್ನೂ ದೊಡ್ಡದು. ಅಲ್ಲಿ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಜೋಡಿಸಿರುತ್ತಾರೆ. ಜೋಡಿಸಿದ ಭಾಗಕ್ಕೆ ರಕ್ತ ಹರಿಯುತ್ತಿದೆಯಾ ಅಂತ ಮೊದಲ ದಿನ ನರ್ಸ್ ಗಂಟೆಗಂಟೆಗೂ ನೋಡಬೇಕು. ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಸರಿಪಡಿಸಬೇಕು, ಇಲ್ಲದಿದ್ದರೆ ಕಟ್ಟಿದ್ದೆಲ್ಲ ಹಾಳು. ಇಂಥವರಿಗೆ ಎಷ್ಟೋ ಸಲ 48 ಗಂಟೆಯೂ ಸಾಲದು.

ಇನ್ನೊಂದು ಬದಿಯನ್ನೂ ಹೇಳಬೇಕು. ಗಡ್ಡೆಯನ್ನು ಮಾತ್ರ ತೆಗೆಯುವ ಲಂಪೆಕ್ಟಮಿ ಆದವರಲ್ಲಿ ಬಹಳಷ್ಟು ಜನ ಅದೇ ದಿನ ಮನೆಗೆ ಹೋಗಿ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ಕ್ಯಾನ್ಸರ್ ಹರಡಿದೆಯಾ ಅಂತ ತಿಳಿಯಲು ಕಂಕುಳಿನ ಎಲ್ಲ ಗ್ರಂಥಿಗಳನ್ನು ತೆಗೆಯುವ ಬದಲು ಒಂದೆರಡನ್ನು ಮಾತ್ರ ತೆಗೆದು ಪರೀಕ್ಷಿಸುವ ವಿಧಾನ ಬಂದ ಮೇಲೆ ಕೈಯ ತೊಂದರೆಯೂ ಕಡಿಮೆಯಾಗಿದೆ. ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇದ್ದರೆ ಅಲ್ಲಿನ ಸೋಂಕು ತಗಲುವ ಅಪಾಯವೂ ಇದೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಸಂಸ್ಥೆ ಮ್ಯಾಸ್ಟೆಕ್ಟಮಿ ಆದವರನ್ನು ಅದೇ ದಿನ ಮನೆಗೆ ಕಳಿಸುವ ಕಾರ್ಯಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿತು. ಅಂಥವರು ಮತ್ತೆ ಆಸ್ಪತ್ರೆಗೆ ಬಂದು ಸೇರುವುದು ಹೆಚ್ಚಾಗಲಿಲ್ಲ ಅಂತ ಅಲ್ಲಿನ ವೈದ್ಯರು ವರದಿ ಮಾಡಿದರು.

ಈ ವರದಿಯನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಅವರು ಏನು ಮಾಡಿದ್ದರು ಅನ್ನುವುದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. ಆಪರೇಷನ್‌ಗೆ ಮುಂಚೆಯೇ ರೋಗಿಗೆ, ಮನೆಯವರಿಗೆ ಎಲ್ಲ ವಿವರಿಸಿ ಸಿದ್ಧ ಮಾಡಿದ್ದರು. ನೋವಿಗೆ, ವಾಂತಿಗೆ ಮೊದಲೇ ಔಷಧಿ ಕೊಟ್ಟಿದ್ದರು. ಮನೆಗೆ ಹೋದ ಮೇಲೆ ವಿಚಾರಿಸುವ ವ್ಯವಸ್ಥೆ ಇತ್ತು. ಉಳಿಯಬೇಕಾದವರು ಉಳಿದರು. ಇಷ್ಟೆಲ್ಲ ಇದ್ದಾಗ ಬೇಗ ಮನೆಗೆ ಹೋಗುವುದು ಒಳ್ಳೆಯ ವೈದ್ಯಕೀಯ. ಇದ್ಯಾವುದೂ ಇಲ್ಲದೆ ಬಿಲ್ ಉಳಿಸಲು ಕಳಿಸಿದರೆ ಅದು ಬೇರೆಯೇ ಸಂಗತಿ. ವಯಸ್ಸಾದವರಿಗೆ ಅಲ್ಲಿನ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಇದ್ದ ಮಹಿಳೆಯರ ಬಗ್ಗೆ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಳ ಮ್ಯಾಸ್ಟೆಕ್ಟಮಿಯ (ಸ್ತನವನ್ನು ಮಾತ್ರ ತೆಗೆಯುವ ಆಪರೇಷನ್) ನಂತರ ಅದೇ ದಿನ ಮನೆಗೆ ಹೋದವರು ಒಂದು ರಾತ್ರಿ ಉಳಿದವರಿಗಿಂತ ಹೆಚ್ಚಾಗಿ ಮತ್ತೆ ಆಸ್ಪತ್ರೆ ಸೇರಿದ್ದು ಕಂಡುಬಂದಿತ್ತು. ಆಗ ಈಗಿನಷ್ಟು ತಯಾರಿ ಇರಲಿಲ್ಲ. ಆದರೆ ಅಂಥ ತಯಾರಿ ಇಲ್ಲದ ಆಸ್ಪತ್ರೆಗಳು ಈಗಲೂ ಇವೆ.

ಇಲ್ಲಿಗೆ ಬಂದದ್ದು ಹೇಗೆ

ಹಿಂದೆ ಈ ಆಪರೇಷನ್ ಆದವರು ವಾರಕ್ಕಿಂತ ಜಾಸ್ತಿ ದಿನ ಆಸ್ಪತ್ರೆಯಲ್ಲಿ ಇರುತ್ತಿದ್ದರು. 1983ರಲ್ಲಿ ಮೆಡಿಕೇರ್ ಹಣ ಕೊಡುವ ರೀತಿ ಬದಲಾಯಿತು. ಎಷ್ಟು ದಿನ ಇದ್ದರೂ ಒಂದು ಕಾಯಿಲೆಗೆ ಇಷ್ಟೇ ಅಂತ ನಿಗದಿ ಮಾಡಿದರು. ಬೇಗ ಕಳಿಸಿದರೆ ಆಸ್ಪತ್ರೆಗೆ ಲಾಭ, ತಡವಾದರೆ ನಷ್ಟ. 90ರ ದಶಕದಲ್ಲಿ ಎಚ್‌ಎಂಒ ಮಾದರಿಯ, ಅಂದರೆ ಯಾವ ಚಿಕಿತ್ಸೆ, ಎಷ್ಟು ಅನ್ನುವುದರ ಮೇಲೆ ತಾವೇ ಹಿಡಿತ ಇಟ್ಟುಕೊಳ್ಳುವ ವಿಮೆಗಳು ಬೆಳೆದವು. ಯಾವ ಆಪರೇಷನ್‌ಗೆ ಎಷ್ಟು ದಿನ ಅನ್ನುವ ಪಟ್ಟಿಗಳು ವಿಮೆಯವರ ಮೇಜಿನ ಮೇಲೆ ಬಂದವು.

ಮೊದಲು ಗಲಾಟೆ ಆದದ್ದು ಹೆರಿಗೆ ವಿಷಯದಲ್ಲಿ. ಬಾಣಂತಿಯರನ್ನು ಒಂದೇ ದಿನಕ್ಕೆ ಮನೆಗೆ ಕಳಿಸುತ್ತಿದ್ದರು. ಜನ ಸಿಟ್ಟಿಗೆದ್ದ ಮೇಲೆ 1996ರಲ್ಲಿ ಕೇಂದ್ರ ಕಾನೂನು ಬಂತು. ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ. ಅದಕ್ಕಿಂತ ಕಡಿಮೆ ಅವಧಿಗೆ ವಿಮೆ ಮಿತಿ ಹಾಕುವಂತಿಲ್ಲ. ತಾಯಿ ಮತ್ತು ಡಾಕ್ಟರ್ ಒಪ್ಪಿದರೆ ಬೇಗ ಹೋಗಬಹುದು.

ಅದೇ ಹೊತ್ತಿಗೆ ಕನೆಕ್ಟಿಕಟ್ ರಾಜ್ಯದ ಸರ್ಜನ್ ಡಾ. ಕ್ರಿಸ್ಟನ್ ಜಾರ್ಫೋಸ್ ತಮ್ಮ ಮ್ಯಾಸ್ಟೆಕ್ಟಮಿ ರೋಗಿಗಳಿಗೆ ವಿಮೆಯವರು ರಾತ್ರಿ ಉಳಿಯಲು ಬಿಡುತ್ತಿಲ್ಲ ಅಂತ ದನಿ ಎತ್ತಿದರು. ಅದೇ ರಾಜ್ಯದ ಸಂಸದೆ ರೋಸಾ ಡಿಲಾರೊ ಅದನ್ನು ಕೈಗೆತ್ತಿಕೊಂಡರು. ಡಿಲಾರೊ ಅವರೂ ಅಂಡಾಶಯದ ಕ್ಯಾನ್ಸರ್ ಗೆದ್ದು ಬಂದವರು. 1997ರ ಆರಂಭದಲ್ಲಿ ಅವರು ಮಸೂದೆ ಮಂಡಿಸಿದರು. ಆ ಫೆಬ್ರುವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಂಸತ್ತಿಗೆ ಮಾಡಿದ ವಾರ್ಷಿಕ ಭಾಷಣದಲ್ಲಿ ಮ್ಯಾಸ್ಟೆಕ್ಟಮಿ ಆದವರಿಗೆ 48 ಗಂಟೆ ಖಾತರಿಪಡಿಸಿ ಅಂತ ಕೇಳಿದರು. ಸಭೆಯಲ್ಲಿದ್ದ ಡಾ. ಜಾರ್ಫೋಸ್ ಅವರನ್ನು ಎದ್ದು ನಿಲ್ಲಲು ಹೇಳಿ ಧನ್ಯವಾದ ಸಲ್ಲಿಸಿದರು. ಹೆರಿಗೆ ಕಾನೂನು ಬಂದು ಆಗಿನ್ನೂ ಐದು ತಿಂಗಳೂ ಆಗಿರಲಿಲ್ಲ. ಇದೂ ಬೇಗ ಆಗಿಬಿಡುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆಗಲಿಲ್ಲ. 1998ರಲ್ಲಿ ಬೇರೊಂದು ಕಾನೂನು ಬಂತು. ಮ್ಯಾಸ್ಟೆಕ್ಟಮಿಗೆ ಹಣ ಕೊಡುವ ವಿಮೆ ಸ್ತನ ಮರುನಿರ್ಮಾಣಕ್ಕೂ, ಕೃತಕ ಸ್ತನಕ್ಕೂ, ಕೈ ಬಾವಿನ ಚಿಕಿತ್ಸೆಗೂ ಕೊಡಬೇಕು ಅಂತ ಅದು ಹೇಳಿತು. ದೊಡ್ಡ ಗೆಲುವೇ. ಆದರೆ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಅನ್ನುವುದು ಅದರಲ್ಲಿ ಸೇರಲಿಲ್ಲ. ಡಿಲಾರೊ ಮತ್ತೆ ಮತ್ತೆ ಮಸೂದೆ ತಂದರು. ಲೈಫ್‌ಟೈಮ್ ಟಿವಿ ಚಾನೆಲ್ ಸಹಿ ಸಂಗ್ರಹಕ್ಕೆ ಇಳಿಯಿತು. ಲಕ್ಷಗಟ್ಟಲೆ ಸಹಿಗಳು ಬಂದವು. 2008ರ ಸೆಪ್ಟೆಂಬರ್‌ನಲ್ಲಿ ಕೆಳಮನೆಯಲ್ಲಿ ಮತ ಹಾಕಿದಾಗ ಪರವಾಗಿ 421, ವಿರುದ್ಧ ಕೇವಲ 2. ಅಮೆರಿಕದ ರಾಜಕೀಯದಲ್ಲಿ ಇಂಥ ಒಮ್ಮತ ಅಪರೂಪ. ಆದರೂ ಸೆನೆಟ್‌ನಲ್ಲಿ ಮಸೂದೆ ಮತಕ್ಕೇ ಬರಲಿಲ್ಲ. ವಿರೋಧ ಜಾಸ್ತಿ ಆಗಿ ಬಿದ್ದಿದ್ದರೆ ಒಂದು ಮಾತು. ಮತಕ್ಕೇ ಹಾಕದೆ, ಸುಮ್ನೆ ಬಿಟ್ಟು ಸಾಯಿಸಿದರು.

ಆ ಮಸೂದೆ ಕೇಳಿದ್ದು ಇಷ್ಟು. ಮ್ಯಾಸ್ಟೆಕ್ಟಮಿ ಅಥವಾ ಲಂಪೆಕ್ಟಮಿಗೆ ಕನಿಷ್ಠ 48 ಗಂಟೆ, ಕಂಕುಳಿನ ಗ್ರಂಥಿ ತೆಗೆದರೆ ಕನಿಷ್ಠ 24 ಗಂಟೆ ವಿಮೆ ಹಣ ಕೊಡಬೇಕು. ಅಷ್ಟು ಹೊತ್ತು ಇರಲೇಬೇಕು ಅಂತ ಯಾರಿಗೂ ಕಡ್ಡಾಯವಿಲ್ಲ. ರೋಗಿ ಮತ್ತು ಡಾಕ್ಟರ್ ಸೇರಿ ಬೇಗ ಹೊರಡಲು ತೀರ್ಮಾನಿಸಬಹುದು.

ಒಂದೇ ವಾರ್ಡ್, ಎರಡು ಕಾನೂನು

ಕೇಂದ್ರ ಸುಮ್ಮನಿದ್ದರೂ ರಾಜ್ಯಗಳು ಸುಮ್ಮನಿರಲಿಲ್ಲ. ನ್ಯೂಜೆರ್ಸಿ ದೊಡ್ಡ ಮ್ಯಾಸ್ಟೆಕ್ಟಮಿಗೆ (ಸ್ತನದ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವುದು) 72 ಗಂಟೆ, ಸರಳ ಮ್ಯಾಸ್ಟೆಕ್ಟಮಿಗೆ 48 ಗಂಟೆ ಅಂತ ಕಾನೂನು ಮಾಡಿತು. ಟೆಕ್ಸಸ್‌ನಲ್ಲಿ ಮ್ಯಾಸ್ಟೆಕ್ಟಮಿಗೆ 48 ಗಂಟೆ, ಕಂಕುಳಿನ ಗ್ರಂಥಿ ತೆಗೆದರೆ 24 ಗಂಟೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಗಂಟೆಯ ಲೆಕ್ಕ ಹಾಕಲಿಲ್ಲ, ರೋಗಿಯ ಜೊತೆ ಮಾತಾಡಿ ಡಾಕ್ಟರ್ ಹೇಳಿದಷ್ಟು ಅಂದವು. ಹಾಗಾದರೆ ಕೇಂದ್ರ ಕಾನೂನು ಯಾಕೆ ಬೇಕು?

ಉತ್ತರ 1974ರ ಎರಿಸಾ ಅನ್ನುವ ಕಾನೂನಿನಲ್ಲಿದೆ. ಅಮೆರಿಕದಲ್ಲಿ ಬಹಳಷ್ಟು ಜನರಿಗೆ ವಿಮೆ ಸಿಗುವುದು ಕೆಲಸ ಕೊಟ್ಟವರಿಂದ. ಅದರಲ್ಲಿ ಎರಡು ಬಗೆ. ಕೆಲವು ಮಾಲೀಕರು ವಿಮಾ ಕಂಪನಿಯಿಂದ ಪಾಲಿಸಿ ಕೊಳ್ಳುತ್ತಾರೆ. ದೊಡ್ಡ ಕಂಪನಿಗಳು ಹೆಚ್ಚಾಗಿ ಹಾಗೆ ಮಾಡುವುದಿಲ್ಲ. ನೌಕರರ ಆಸ್ಪತ್ರೆ ಬಿಲ್ಲನ್ನು ತಮ್ಮದೇ ನಿಧಿಯಿಂದ ಕೊಡುತ್ತವೆ, ಕ್ಲೇಮ್ ಕೆಲಸಕ್ಕೆ ಮಾತ್ರ ವಿಮಾ ಕಂಪನಿಯನ್ನು ಇಟ್ಟುಕೊಳ್ಳುತ್ತವೆ. ಈ ಎರಡನೇ ಬಗೆಯ ಪ್ಲಾನ್‌ಗಳಿಗೆ ರಾಜ್ಯದ ವಿಮಾ ಕಾನೂನು ತಗಲುವುದೇ ಇಲ್ಲ. ಇದು ಅಲ್ಲೊಂದು ಇಲ್ಲೊಂದು ಇರುವ ಸಂಗತಿ ಅಲ್ಲ. ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ 2024ರ ಸಮೀಕ್ಷೆ ಪ್ರಕಾರ ಕೆಲಸದ ಮೂಲಕ ವಿಮೆ ಇರುವ ನೌಕರರಲ್ಲಿ ಶೇ 63ರಷ್ಟು ಮಂದಿ ಇಂಥ ಪ್ಲಾನ್‌ನಲ್ಲಿದ್ದಾರೆ.

ಇದರ ಅರ್ಥ ಏನು ನೋಡಿ. ನ್ಯೂಜೆರ್ಸಿಯ ಒಂದೇ ವಾರ್ಡಿನಲ್ಲಿ ಇಬ್ಬರು ಮಹಿಳೆಯರು ಇದ್ದಾರೆ ಅಂದುಕೊಳ್ಳಿ. ಸರ್ಜನ್ ಒಬ್ಬರೇ, ಆಪರೇಷನ್ ಒಂದೇ, ಸರಳ ಮ್ಯಾಸ್ಟೆಕ್ಟಮಿ. ಇಬ್ಬರ ಕಾರ್ಡಿನ ಮೇಲೂ ಅದೇ ವಿಮಾ ಕಂಪನಿಯ ಹೆಸರಿದೆ. ಒಬ್ಬರ ಮಾಲೀಕರು ಪಾಲಿಸಿ ಕೊಂಡಿದ್ದಾರೆ, ಆಕೆಗೆ ರಾಜ್ಯದ 48 ಗಂಟೆ ಸಿಗುತ್ತದೆ. ಇನ್ನೊಬ್ಬರ ಕಂಪನಿಯದು ಸ್ವಂತ ನಿಧಿ. ಆಕೆಗೆ ರಾಜ್ಯದ ಕಾನೂನು ಇದ್ದೂ ಇಲ್ಲ. ತಮ್ಮದು ಯಾವ ಬಗೆಯ ಪ್ಲಾನ್ ಅಂತ ಆಕೆಗೆ ಬಹುಶಃ ಗೊತ್ತೂ ಇರುವುದಿಲ್ಲ. ಕಾರ್ಡ್ ನೋಡಿದರೆ ತಿಳಿಯುವುದೂ ಕಷ್ಟ.

ಇದನ್ನು ಸರಿಮಾಡಲು ರಾಜ್ಯಗಳಿಂದ ಆಗುವುದಿಲ್ಲ. ಸಂಸತ್ತಿನಿಂದ ಮಾತ್ರ ಸಾಧ್ಯ. ಸಂಸತ್ತು ಇದನ್ನು ಎರಡು ಸಲ ಮಾಡಿದೆ ಕೂಡ. 1996ರ ಹೆರಿಗೆ ಕಾನೂನೂ, 1998ರ ಮರುನಿರ್ಮಾಣದ ಕಾನೂನೂ ಸ್ವಂತ ನಿಧಿಯ ಪ್ಲಾನ್‌ಗಳಿಗೂ ಅನ್ವಯಿಸುತ್ತವೆ. ದಾರಿ ಹೊಸದಲ್ಲ.

ಮೇಲ್ಮನವಿ ಸಲ್ಲಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ, 2010ರ ಆರೋಗ್ಯ ಕಾನೂನು ಆ ಹಕ್ಕನ್ನು ಗಟ್ಟಿ ಮಾಡಿತು. ವಿಮೆಯವರು ಇಲ್ಲ ಅಂದರೆ ಹೊರಗಿನ ಸ್ವತಂತ್ರ ಪರಿಶೀಲಕರ ಹತ್ತಿರ ಹೋಗಬಹುದು. ತುರ್ತು ಪ್ರಕರಣದಲ್ಲಿ ತೀರ್ಮಾನಕ್ಕೆ ಹೆಚ್ಚೆಂದರೆ 72 ಗಂಟೆ. ಆದರೆ ಇಲ್ಲಿ ಜಗಳವೇ ಮೊದಲ 48 ಗಂಟೆಯ ಬಗ್ಗೆ! ಉತ್ತರ ಬರುವಷ್ಟರಲ್ಲಿ ಆಕೆ ಮನೆಗೆ ಹೋಗಿ, ಕಷ್ಟದ ರಾತ್ರಿಗಳನ್ನು ಕಳೆದು ಆಗಿರುತ್ತದೆ. ಅಥವಾ ಬಿಲ್ ತನ್ನ ತಲೆಗೇ ಬಂದರೆ ಏನು ಗತಿ ಅನ್ನುವ ಚಿಂತೆಯಲ್ಲಿ ಹಾಸಿಗೆಯಲ್ಲಿ ಮಲಗಿರುತ್ತಾಳೆ. ಹಾಗಾಗಿ ಹಕ್ಕು ಮೊದಲೇ ಕೈಯಲ್ಲಿರಬೇಕು.

ವಿರೋಧಿಸುವವರ ವಾದಗಳಲ್ಲಿ ನನಗೆ ತೂಕ ಕಾಣುವುದು ಒಂದರಲ್ಲಿ. ದೇಹದ ಒಂದೊಂದು ಭಾಗಕ್ಕೂ ಒಂದೊಂದು ಕಾನೂನು ಮಾಡುತ್ತಾ ಹೋಗುವುದಾ ಅಂತ ಅವರು ಕೇಳುತ್ತಾರೆ. ಯಾವ ಆಪರೇಷನ್ ಆದರೂ ಡಾಕ್ಟರ್ ಮಾತು ನಡೆಯಬೇಕು ಅನ್ನುವ ಒಂದೇ ಕಾನೂನು ಇದ್ದರೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅಂಥದ್ದು ಯಾರೂ ತರುತ್ತಿಲ್ಲ. ಬರುವ ತನಕ ಕಾಯಿರಿ ಅಂತ ಹೇಳಿ ಇದನ್ನು ತಡೆಯುವುದು ಸರಿಯಲ್ಲ.

ಖರ್ಚಿನ ವಾದ ಅಷ್ಟು ನಿಲ್ಲುವುದಿಲ್ಲ. ಅದೇ ದಿನ ಮನೆಗೆ ಹೋಗಿ ಅಂತ ತಾವು ಯಾರನ್ನೂ ಒತ್ತಾಯಿಸುವುದಿಲ್ಲ ಅನ್ನುವುದು 1996ರಿಂದಲೂ ವಿಮಾ ಉದ್ಯಮದ ಸಂಘಟನೆಯ ನಿಲುವು. ಅದು ನಿಜವಾದರೆ ಈ ಕಾನೂನಿನಿಂದ ಅವರಿಗೆ ಬರುವ ಹೊಸ ಖರ್ಚು ಏನೂ ಇಲ್ಲ. ಖರ್ಚು ಬರುತ್ತದೆ ಅನ್ನುವುದಾದರೆ ಒತ್ತಾಯ ಇದೆ ಅಂತಲೇ ಅರ್ಥ.

ಹಳೆಯ ಮಸೂದೆಗೆ ಏನು ಸೇರಿಸಬೇಕು

1997ರಲ್ಲಿ ಅಷ್ಟಾಗಿ ಚರ್ಚೆಗೆ ಬರದ ಒಂದು ತೊಡಕು ಈಗ ದೊಡ್ಡದಾಗಿದೆ. ಅದರ ಹೆಸರು ಅಬ್ಸರ್ವೇಷನ್. ರೋಗಿ ವಾರ್ಡಿನ ಹಾಸಿಗೆಯಲ್ಲಿ ರಾತ್ರಿ ಮಲಗುತ್ತಾರೆ. ನರ್ಸ್ ಬರುತ್ತಾರೆ, ಊಟ ಬರುತ್ತದೆ, ಕೈಗೆ ಆಸ್ಪತ್ರೆಯ ಪಟ್ಟಿ ಇರುತ್ತದೆ. ಆದರೆ ದಾಖಲೆಯಲ್ಲಿ ಅವರು ಒಳರೋಗಿ ಅಲ್ಲ, ಹೊರರೋಗಿ. ಸುಮ್ನೆ ಗಮನಿಸಲು ಇಟ್ಟುಕೊಂಡಿದ್ದೇವೆ ಅನ್ನುವ ಲೆಕ್ಕ. ಬಿಲ್ ಬರುವಾಗ ಹೊರರೋಗಿಯ ನಿಯಮವೇ ನಡೆಯುತ್ತದೆ, ಕೈಯಿಂದ ಕೊಡಬೇಕಾದ ಪಾಲು ಬದಲಾಗುತ್ತದೆ.

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುವವರಲ್ಲಿ ಅರ್ಧದಷ್ಟು ಮಂದಿ 62 ದಾಟಿದವರು. ಮೆಡಿಕೇರ್ ಶುರುವಾಗುವುದು 65ಕ್ಕೆ. ಆಸ್ಪತ್ರೆಯಿಂದ ನೇರ ಮನೆಗೆ ಹೋಗಲಾಗದೆ ಶುಶ್ರೂಷಾ ಕೇಂದ್ರಕ್ಕೆ ಹೋಗಬೇಕಾದರೆ, ಸಾಂಪ್ರದಾಯಿಕ ಮೆಡಿಕೇರ್ ಹಣ ಕೊಡಲು ಮೂರು ದಿನ ಒಳರೋಗಿ ಆಗಿರಬೇಕು. ಅಬ್ಸರ್ವೇಷನ್ ರಾತ್ರಿಗಳು ಅದಕ್ಕೆ ಜಮೆ ಆಗುವುದಿಲ್ಲ. ಒಂಟಿಯಾಗಿ ಬದುಕುವ, ಎರಡೂ ಕೈ ಎತ್ತಲಾಗದ ವಯಸ್ಸಾದ ಮಹಿಳೆಗೆ ಇದು ಕಾಗದದ ಮೇಲಿನ ವ್ಯತ್ಯಾಸ ಅಲ್ಲ. ಡಿಲಾರೊ ಅವರ ಮಸೂದೆ ತಿದ್ದಲು ಹೊರಟಿದ್ದು ಖಾಸಗಿ ವಿಮೆಯ ಕಾನೂನುಗಳನ್ನು. ಮುಂದಿನ ಮಸೂದೆ ಈ ರಾತ್ರಿಗಳನ್ನು ಏನೆಂದು ಎಣಿಸಬೇಕು ಅಂತ ನೇರವಾಗಿ ಹೇಳಬೇಕು, ಮೆಡಿಕೇರ್‌ನಲ್ಲಿರುವವರನ್ನೂ ಸೇರಿಸಿಕೊಳ್ಳಬೇಕು.

ಇನ್ನೊಂದು ಸೇರ್ಪಡೆ ರೋಡ್ ಐಲೆಂಡ್‌ನಿಂದ ಕಲಿಯುವಂಥದ್ದು. ಆ ಪುಟ್ಟ ರಾಜ್ಯದ ಕಾನೂನು ಗಂಟೆಯನ್ನು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಅವಧಿಗಿಂತ ಮುಂಚೆ ಮನೆಗೆ ಹೋದವರಿಗೆ ಡಾಕ್ಟರ್ ಅಥವಾ ನರ್ಸ್ ಕನಿಷ್ಠ ಒಂದು ಸಲ ಮನೆಗೆ ಬಂದು ನೋಡುವ ಖರ್ಚನ್ನೂ ವಿಮೆ ಕೊಡಬೇಕು ಅಂದಿತು. ಬೇಗ ಮನೆಗೆ ಹೋಗುವವರೇ ಜಾಸ್ತಿ ಆಗಿರುವ ಈಗಿನ ಕಾಲಕ್ಕೆ ಇದು 48 ಗಂಟೆಯಷ್ಟೇ ಮುಖ್ಯ. ಡ್ರೈನ್ ಸರಿಯಾಗಿದೆಯಾ, ಎದೆ ಊದಿದೆಯಾ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿದೆಯಾ ಅಂತ ತಿಳಿದವರೊಬ್ಬರು ಬಂದು ನೋಡಿದರೆ ಎಷ್ಟೋ ಹೆದರಿಕೆ ಅಲ್ಲೇ ಇಳಿಯುತ್ತದೆ. ಎಷ್ಟೋ ತೊಂದರೆ ಬೇಗ ಸಿಗುತ್ತದೆ.

ಕಾನೂನು ಬರುವ ತನಕ ಆಪರೇಷನ್ ಕಾಯುವುದಿಲ್ಲ. ಅಲ್ಲಿರುವವರು ಈಗ ಮಾಡಬಹುದಾದದ್ದು ಇಷ್ಟು. ಆಪರೇಷನ್ ದಿನ ಗೊತ್ತಾದ ಕೂಡಲೇ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಕೇಳಿ: ನಮ್ಮ ಪ್ಲಾನ್ ಕೊಂಡದ್ದಾ, ಕಂಪನಿಯದೇ ನಿಧಿಯದ್ದಾ? ಕೊಂಡದ್ದಾದರೆ, ನಿಮ್ಮ ರಾಜ್ಯದಲ್ಲಿ ಅಂಥ ಕಾನೂನು ಇದ್ದರೆ ಅದು ನಿಮಗೆ ಸಿಗುತ್ತದೆ. ಸರ್ಜನ್ ಆಫೀಸಿನಲ್ಲಿ ಕೇಳಿ: ನನ್ನನ್ನು ಒಳರೋಗಿಯಾಗಿ ಸೇರಿಸುತ್ತೀರಾ, ಅಬ್ಸರ್ವೇಷನ್‌ನಲ್ಲಿ ಇಡುತ್ತೀರಾ? ಎಷ್ಟು ರಾತ್ರಿಗೆ ವಿಮೆಯ ಒಪ್ಪಿಗೆ ತೆಗೆದುಕೊಂಡಿದ್ದೀರಿ? ಇಲ್ಲ ಅಂದಿದ್ದರೆ ಯಾಕೆ ಬೇಕು ಅಂತ ಸರ್ಜನ್ ಒಂದು ಪತ್ರ ಬರೆದು ಕೊಡಲಿ, ತುರ್ತು ಮೇಲ್ಮನವಿಯನ್ನು ಆಪರೇಷನ್‌ಗೆ ಮುಂಚೆಯೇ ಹಾಕಿ. ಉತ್ತರಗಳನ್ನು ಬರಹದಲ್ಲೇ ಪಡೆಯಿರಿ. ಅವುಗಳ ಒಂದು ಪ್ರತಿ ಆ ದಿನ ನಿಮ್ಮ ಜೊತೆ ಬರುವವರ ಹತ್ತಿರ ಇರಲಿ, ಯಾಕೆಂದರೆ ಸಂಜೆ ಡಿಸ್ಚಾರ್ಜ್ ಮಾತು ಬಂದಾಗ ವಾದ ಮಾಡುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.